ಮೂರು ಮತ, ನಾಲ್ಕು ಬಣ್ಣದ ಕ್ಲಿಪ್ಪು: ಮಾರಿಷಸ್‌ನಲ್ಲಿ ಓಟು ಹಾಕಿದ ನನ್ನ ಅನುಭವ

ಮಾರಿಷಸ್‌ನಲ್ಲಿ ನಾನು ಎರಡು ಸಲ ಓಟು ಹಾಕಿದ್ದೇನೆ. ಮೊದಲನೆಯದು 2019ರ ನವೆಂಬರ್ 7ರಂದು, ಎರಡನೆಯದು 2024ರ ನವೆಂಬರ್ 10ರಂದು. ಮೊದಲ ಸಲ ಹಾಕಿ ಬಂದು ಊರಿಗೆ ಫೋನ್ ಮಾಡಿದಾಗ ಅಪ್ಪ ನಂಬಲೇ ಇಲ್ಲ. "ನೀನು ಅಲ್ಲಿಯ ಪ್ರಜೆ ಅಲ್ಲವಲ್ಲೋ, ಓಟು ಹೇಗೆ ಕೊಟ್ಟರು?" ಅಂದರು.

ಇಲ್ಲಿಯ ಸಂವಿಧಾನದಲ್ಲೇ ಅದಕ್ಕೆ ಜಾಗ ಇದೆ. ಕಾಮನ್‌ವೆಲ್ತ್ ದೇಶದ ಪ್ರಜೆಯಾಗಿದ್ದು, 18 ವರ್ಷ ತುಂಬಿ, ಎರಡು ವರ್ಷ ಇಲ್ಲೇ ವಾಸ ಮಾಡಿದ್ದರೆ ಮತದಾರರ ಪಟ್ಟಿಗೆ ಹೆಸರು ಸೇರಿಸಬಹುದು. ನನಗೆ ಎಬೆನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಮನೆ ಕಾತ್ರ್ ಬೋರ್ನ್‌ನಲ್ಲಿ. ಇಲ್ಲಿ ಕ್ಷೇತ್ರಗಳನ್ನು ಹೆಸರಿಗಿಂತ ಜಾಸ್ತಿ ನಂಬರಿನಿಂದಲೇ ಕರೆಯುತ್ತಾರೆ. ನಮ್ಮದು ಹದಿನೆಂಟು.

ಹೊರಗಿನಿಂದ ಬಂದವನು ಇಲ್ಲಿಯ ಸರ್ಕಾರ ಆರಿಸುವುದು ಸರಿಯಾ ಎಂಬ ಪ್ರಶ್ನೆ ನನ್ನನ್ನು ಬಹಳ ಕಾಡಿತ್ತು. ತೆರಿಗೆ ಇಲ್ಲೇ ಕಟ್ಟುತ್ತೇನೆ, ಮಗಳು ಇಲ್ಲಿಯ ಶಾಲೆಗೇ ಹೋಗುತ್ತಾಳೆ. ಆದರೂ ಮನಸ್ಸಿಗೆ ಒಂದು ಅಳುಕು. ಪಕ್ಕದ ಮನೆಯ ಚಾಚಾ ಹತ್ತಿರ ಇದನ್ನು ಹೇಳಿಕೊಂಡೆ. ಅವರ ಹಿರಿಯರು ಬಿಹಾರದ ಕಡೆಯಿಂದ ಕಬ್ಬಿನ ಗದ್ದೆಗೆ ಕೂಲಿಗೆ ಬಂದವರು. "ಹಕ್ಕು ಕೊಟ್ಟಿದ್ದಾರೆ, ಹಾಕು ಬೇಟಾ. ಆದರೆ ತಿಳಿದುಕೊಂಡು ಹಾಕು," ಅಂದರು.

2019ರಲ್ಲಿ ನಾನು ತಿಳಿದುಕೊಂಡು ಹಾಕಲಿಲ್ಲ.

ದ್ವೀಪದಲ್ಲಿ 20 ಕ್ಷೇತ್ರಗಳಿವೆ, ಒಂದೊಂದಕ್ಕೂ ಮೂವರು ಸಂಸದರು. ರಾಡ್ರಿಗಸ್ ದ್ವೀಪಕ್ಕೆ ಇಬ್ಬರು. ಒಟ್ಟು 62. ನಮ್ಮ ಕೈಗೆ ಒಂದೇ ಮತಪತ್ರ ಬರುತ್ತದೆ, ಅದರಲ್ಲಿ ಮೂರು ಇಂಟು ಗುರುತು ಹಾಕಬೇಕು. ಎರಡೇ ಹಾಕಿದರೂ ಮತ ಅಸಿಂಧು, ನಾಲ್ಕು ಹಾಕಿದರೂ ಅಸಿಂಧು. ಅತಿ ಹೆಚ್ಚು ಮತ ಪಡೆದ ಮೂವರು ಗೆಲ್ಲುತ್ತಾರೆ. ಆ ಸಲ ಕಣದಲ್ಲಿ ಮೂರು ದೊಡ್ಡ ಗುಂಪುಗಳಿದ್ದವು. ನಾನು ಒಂದೊಂದು ಗುಂಪಿಗೆ ಒಂದೊಂದು ಮತ ಹಂಚಿ, ನ್ಯಾಯ ಮಾಡಿದೆ ಅಂದುಕೊಂಡು ಮನೆಗೆ ಬಂದೆ. ಹಾಗೆ ಹಂಚಿ ಹಾಕುವುದಕ್ಕೆ ಇಲ್ಲಿ ಪನಾಶಾಜ್ ಅನ್ನುತ್ತಾರೆ. ಒಂದೇ ಮೈತ್ರಿಯ ಮೂವರಿಗೂ ಹಾಕಿದರೆ ಅದು ಬ್ಲೊಕ್. ಪ್ರಚಾರಕ್ಕೆ ಮನೆ ಬಾಗಿಲಿಗೆ ಬಂದವರೆಲ್ಲ ಕೇಳುವುದು ಬ್ಲೊಕ್ ಮತವನ್ನೇ.

ಮರುದಿನ ಎಣಿಕೆ ಮುಗಿಯಿತು. ಸುಮಾರು ಶೇ. 37ರಷ್ಟು ಮತ ಪಡೆದ, ಆಗಿನ ಪ್ರಧಾನಿ, ಎಂಎಸ್‌ಎಂ ಪಕ್ಷದ ಪ್ರವಿಂದ್ ಜುಗ್ನಾಥ್ ಅವರ ಮೈತ್ರಿಗೆ 38 ಸ್ಥಾನ. ಲೇಬರ್ ಮತ್ತು ಪಿಎಂಎಸ್‌ಡಿ ಪಕ್ಷಗಳ ಜೋಡಿಗೆ 14, ಒಂಟಿಯಾಗಿ ನಿಂತ ಎಂಎಂಎಂ ಪಕ್ಷಕ್ಕೆ 8. ವಿರೋಧದ ಮತ ಎರಡು ಪಾಲಾಗಿ ಹೋಗಿತ್ತು. ನನ್ನ ಮೂರು ಮತಗಳೂ ಒಂದನ್ನೊಂದು ಹೊಡೆದುಹಾಕಿದ್ದವು. ಮತ ಹಾಕುವ ಮೊದಲು ಯಾರು ಯಾರ ಜೊತೆ ಇದ್ದಾರೆ, ಯಾಕೆ ಇದ್ದಾರೆ ಅಂತ ನೋಡಬೇಕಿತ್ತು. ನೋಡಿರಲಿಲ್ಲ. ಆ ಬೇಸರ ಐದು ವರ್ಷ ಹೋಗಲಿಲ್ಲ.

2024ರ ಅಕ್ಟೋಬರ್ 4ರಂದು ಸಂಸತ್ತು ವಿಸರ್ಜನೆ ಆಯಿತು. ಚಾಗೋಸ್ ದ್ವೀಪಗಳನ್ನು ಮಾರಿಷಸ್‌ಗೆ ಬಿಟ್ಟುಕೊಡುವ ಬಗ್ಗೆ ಬ್ರಿಟನ್ ಜೊತೆ ಒಪ್ಪಂದದ ಸುದ್ದಿ ಬಂದಿದ್ದು ಅದರ ಹಿಂದಿನ ದಿನವಷ್ಟೇ. ಆ ಭಾನುವಾರ ಚಾಚಾ ಮನೆ ಹಿತ್ತಲಲ್ಲಿ ಕೂತಿದ್ದೆವು. ಮುಂದೆ ಒಂದು ತಟ್ಟೆ ಗಾತೊ ಪಿಮಾ. ನಮ್ಮ ಕಡಲೆಬೇಳೆ ವಡೆಯ ತಮ್ಮ ಅನ್ನಬಹುದು. "ಈ ಸಲ ಎಲ್ಲ ಸರಿಯಾಗಿ ಹೇಳಿಕೊಡಿ ಚಾಚಾ," ಅಂದೆ. ಅವರು ಎದ್ದು ಬಟ್ಟೆ ಒಣಗಿಸುವ ಹಗ್ಗದ ಹತ್ತಿರ ಹೋಗಿ ಪ್ಲಾಸ್ಟಿಕ್ ಕ್ಲಿಪ್ಪುಗಳ ಡಬ್ಬಿ ತೆಗೆದರು. ನಾಲ್ಕು ಬಣ್ಣ ಆರಿಸಿದರು. ಕೆಂಪು ಲೇಬರ್, ನೇರಳೆ ಎಂಎಂಎಂ, ಕಿತ್ತಳೆ ಎಂಎಸ್‌ಎಂ, ನೀಲಿ ಪಿಎಂಎಸ್‌ಡಿ. ಜನ ಮಾತಾಡುವಾಗ ಚಿಹ್ನೆಯನ್ನೇ ಹೇಳುತ್ತಾರೆ: ಕೀಲಿಕೈ, ಹೃದಯ, ಸೂರ್ಯ, ಹುಂಜ.

ಚಾಚಾ ಮೊದಲ ಸಲ ಓಟು ಹಾಕಿದ್ದು 1976ರಲ್ಲಿ. ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದ ಮೇಲೆ ನಡೆದ ಮೊದಲ ಚುನಾವಣೆ ಅದು. ಅಲ್ಲಿಂದ ಎಲ್ಲವೂ ಅವರಿಗೆ ಬಾಯಿಪಾಠ.

ಹಗ್ಗಕ್ಕೆ ನೇರಳೆ ಕ್ಲಿಪ್ಪು ಒಂದನ್ನೇ ಹಾಕಿದರು. "1982. ಪೋಲ್ ಬೆರಾಂಜೆ ಮತ್ತು ಪ್ರವಿಂದ್ ಅವರ ಅಪ್ಪ ಅನಿರುದ್ಧ್ ಜುಗ್ನಾಥ್, ಇಬ್ಬರೂ ಇದರೊಳಗೆ. ಜೊತೆಗೆ ಇನ್ನೊಂದು ಸಣ್ಣ ಪಕ್ಷ. ಅರವತ್ತಕ್ಕೆ ಅರವತ್ತು." ನೇರಳೆ ಪಕ್ಕ ಕಿತ್ತಳೆ ಹಾಕಿ, ತಕ್ಷಣ ಅದನ್ನು ಕಿತ್ತು ದೂರ ಇಟ್ಟರು. "ಮರುವರ್ಷವೇ ಜಗಳ. ಜುಗ್ನಾಥ್ ಹೊಸ ಪಕ್ಷ ಕಟ್ಟಿದರು." ಕಿತ್ತಳೆ ಪಕ್ಕ ಕೆಂಪು, ನೀಲಿ ಬಂದವು: 1983. ಆಮೇಲೆ ಕೈ ಬೇಗ ಬೇಗ ಓಡಿತು. 1991ರಲ್ಲಿ ಕಿತ್ತಳೆ, ನೇರಳೆ ಮತ್ತೆ ಒಟ್ಟಿಗೆ. 1995ರಲ್ಲಿ ಕೆಂಪು, ನೇರಳೆ. ಮತ್ತೆ ಅರವತ್ತಕ್ಕೆ ಅರವತ್ತು, ಎರಡು ವರ್ಷ ತುಂಬುವುದರೊಳಗೆ ಬೇರೆ. 2000ದಲ್ಲಿ ಕಿತ್ತಳೆ, ನೇರಳೆ. ಆಗ ಅವಧಿಯನ್ನೇ ಹಂಚಿಕೊಂಡರು. ಮೊದಲು ಅನಿರುದ್ಧ್ ಜುಗ್ನಾಥ್ ಪ್ರಧಾನಿ, 2003ರಿಂದ ಬೆರಾಂಜೆ. 2010ರಲ್ಲಿ ಕೆಂಪು, ಕಿತ್ತಳೆ, ನೀಲಿ.

2014ಕ್ಕೆ ಬಂದಾಗ ಅವರ ಕೈ ನಿಂತಿತು. ಆ ಸಲವೂ ಕೆಂಪು, ನೇರಳೆ ಒಂದಾಗಿದ್ದವು. ಎರಡೂ ದೊಡ್ಡ ಪಕ್ಷಗಳು, ಸುಲಭವಾಗಿ ಗೆಲ್ಲಬೇಕಿತ್ತು ಅಲ್ವಾ? ಸಿಕ್ಕಿದ್ದು 13 ಸ್ಥಾನ. ಎದುರಿನವರಿಗೆ 47. "ಯಾಕೆ ಚಾಚಾ?" ಅಂದೆ. "ಸಂವಿಧಾನ ಬದಲಿಸಿ ಒಬ್ಬರು ಅಧಿಕಾರ ಇರುವ ಅಧ್ಯಕ್ಷ, ಇನ್ನೊಬ್ಬರು ಪ್ರಧಾನಿ ಆಗ್ತೀವಿ ಅಂದರು. ಅವರಿಬ್ಬರ ಪಾಲು ಏನು ಅಂತ ನಮಗೆ ಕಾಣಿಸಿತು. ನಮ್ಮ ಪಾಲು ಏನು ಅಂತ ಕಾಣಿಸಲಿಲ್ಲ."

ಈ ಮಾತು ನನ್ನ ಕಣ್ಣು ತೆರೆಸಿತು. ಕರ್ನಾಟಕದಲ್ಲಿ 2006ರಲ್ಲಿ, 2018ರಲ್ಲಿ ಮೈತ್ರಿ ಆಗಿದ್ದು ಫಲಿತಾಂಶ ಬಂದ ಮೇಲೆ. ಅಲ್ಲಿ ಮತದಾರ ಅದನ್ನು ನೋಡುತ್ತಾ ಕೂರಬೇಕಷ್ಟೆ. ಇಲ್ಲಿ ಮೈತ್ರಿ ಆಗುವುದು ಚುನಾವಣೆಗೆ ಮೊದಲು. ತಿಂಗಳುಗಟ್ಟಲೆ ಮಾತುಕತೆ ನಡೆಯುತ್ತದೆ, ಅದಕ್ಕೆ ಕೋಜ್‌ಕೋಜೆ ಅಂತ ಕ್ರಿಯೋಲ್‌ನಲ್ಲಿ ಹೆಸರೇ ಇದೆ. ಪ್ರತಿ ಕ್ಷೇತ್ರದ ಮೂರು ಟಿಕೆಟ್ ಯಾವ ಪಕ್ಷಕ್ಕೆ, ಯಾವ ಸಮುದಾಯಕ್ಕೆ ಅಂತ ಮೊದಲೇ ಹಂಚಿಕೆ ಆಗಿರುತ್ತದೆ. ಅಂದರೆ ಆ ಒಪ್ಪಂದವನ್ನು ಒಪ್ಪುವ, ಬಿಡುವ ಅವಕಾಶ ನಮಗಿದೆ. ನಾನು 2019ರಲ್ಲಿ ಅದನ್ನು ಸುಮ್ನೆ ಬಿಟ್ಟಿದ್ದೆ.

2024ರಲ್ಲಿ ಒಂದು ನೋಟ್‌ಬುಕ್ ಮಾಡಿದೆ. ನಮ್ಮ ಕ್ಷೇತ್ರದ ಮುಖ್ಯ ಅಭ್ಯರ್ಥಿಗಳಿಗೆ ಒಬ್ಬೊಬ್ಬರಿಗೆ ಒಂದೊಂದು ಪುಟ. ಹಿಂದೆ ಯಾವ ಪಕ್ಷ, ಯಾವಾಗ ಬಿಟ್ಟರು, ಬಿಡುವಾಗ ಕೊಟ್ಟ ಕಾರಣ ಏನು, ಈಗ ಅದೇ ಜನರ ಜೊತೆ ವೇದಿಕೆ ಹತ್ತಿದ್ದಾರಾ. ರಾತ್ರಿ ಮಗಳು ಮಲಗಿದ ಮೇಲೆ ಹಳೆಯ ಪತ್ರಿಕೆ ಸುದ್ದಿ ಹುಡುಕಿ ಬರೆಯುತ್ತಿದ್ದೆ. ನನ್ನ ಫ್ರೆಂಚ್ ಅಷ್ಟಕ್ಕಷ್ಟೆ, ಆದ್ದರಿಂದ ಒಂದು ಪುಟಕ್ಕೆ ಎರಡು ರಾತ್ರಿ ಹಿಡಿಯುತ್ತಿತ್ತು. ಪಕ್ಷ ಬದಲಿಸಿದ್ದೇ ತಪ್ಪು ಅಂತ ನಾನು ನೋಡಲಿಲ್ಲ. ಬಿಡುವಾಗ ಹೇಳಿದ ಕಾರಣ ಸೇರುವಾಗಲೂ ಉಳಿದಿದೆಯಾ ಅಂತ ನೋಡಿದೆ.

ಈ ಸಲ ಒಂದು ಕಡೆ ಲೇಬರ್‌ನ ನವೀನ್ ರಾಮ್‌ಗೂಲಾಮ್ ಮತ್ತು ಎಂಎಂಎಂನ ಪೋಲ್ ಬೆರಾಂಜೆ, ಜೊತೆಗೆ ಎರಡು ಸಣ್ಣ ಪಕ್ಷಗಳು. ಬದಲಾವಣೆಯ ಮೈತ್ರಿ ಅಂತ ಹೆಸರು. ಮೊದಲು ಇವರ ಜೊತೆಗೇ ಇದ್ದ ನೀಲಿ ಪಕ್ಷ ಹೊರಗೆ ಹೋಗಿ ಪ್ರವಿಂದ್ ಜುಗ್ನಾಥ್ ಪಕ್ಕ ನಿಂತಿತು. ಅವರದು ಲೆಪೆಪ್ ಮೈತ್ರಿ, 2014ರಲ್ಲಿ ಗೆದ್ದ ಮೈತ್ರಿಯದೇ ಹೆಸರು. ಪ್ರಚಾರದ ನಡುವೆ 'ಮಿಸಿ ಮುಸ್ತಾಸ್' ಎಂಬ ಹೆಸರಿನಲ್ಲಿ ಫೋನ್ ಮಾತುಕತೆಗಳ ರೆಕಾರ್ಡಿಂಗ್ ಒಂದೊಂದಾಗಿ ಹೊರಬಂದವು. ಫೋನ್ ಕದ್ದು ಕೇಳುತ್ತಿದ್ದಾರೆ ಎಂಬ ಭಯ ಮನೆಮನೆಗೂ ಹೊಕ್ಕಿತು. ನವೆಂಬರ್ ಮೊದಲ ದಿನ ಸಾಮಾಜಿಕ ಜಾಲತಾಣಗಳನ್ನೇ ಬಂದ್ ಮಾಡಲು ಆದೇಶ ಬಂತು, ಮರುದಿನವೇ ವಾಪಸ್ ಪಡೆದರು. ಯಾವತ್ತೂ ಜೋರಾಗಿ ಮಾತಾಡದ ನನ್ನ ಸಹೋದ್ಯೋಗಿಗಳು ಅವತ್ತು ಸಿಟ್ಟಾಗಿದ್ದನ್ನು ನಾನು ನೋಡಿದೆ. ಮೈತ್ರಿಯ ಲೆಕ್ಕ ಒಂದು ಕಡೆ, ಈ ಸಿಟ್ಟು ಇನ್ನೊಂದು ಕಡೆ. ಎರಡೂ ಸೇರಿದವು.

ಮತದಾನದ ದಿನ ಭಾನುವಾರ. ಬೆಳಿಗ್ಗೆ ಚಾಚಾ ಜೊತೆ ಹತ್ತಿರದ ಶಾಲೆಗೆ ನಡೆದುಕೊಂಡೇ ಹೋದೆ. ಪಟ್ಟಿಯಲ್ಲಿ ಹೆಸರು ಇದೆಯಾ ಅಂತ ಮೊದಲೇ ನೋಡಿಟ್ಟಿದ್ದೆ, ಇದನ್ನು ಯಾರೂ ಮರೆಯಬಾರದು. ಪಾಸ್‌ಪೋರ್ಟ್ ತೋರಿಸಿದೆ. ಉದ್ದನೆಯ ಮತಪತ್ರ ಕೈಗೆ ಬಂತು. ಇದರಲ್ಲಿ ಒಂದೇ ಮೈತ್ರಿಯ ಮೂವರು ಒಟ್ಟಿಗೆ ಇರುವುದಿಲ್ಲ, ಮನೆತನದ ಹೆಸರಿನ ಅಕ್ಷರ ಕ್ರಮದಲ್ಲಿ ಚದುರಿರುತ್ತಾರೆ. ಬೆರಳಿಟ್ಟು ಮೇಲಿಂದ ಕೆಳಗೆ ಒಂದು ಸಲ ಓದಿದೆ. ಇಂಟು ಹಾಕಿದೆ. ಮೂರಾಯಿತಾ ಅಂತ ಎರಡು ಸಲ ಎಣಿಸಿದೆ. ಎರಡು ಮತ ಬದಲಾವಣೆಯ ಮೈತ್ರಿಗೆ, ಮೂರನೆಯದು ಒಂದು ಸಣ್ಣ ಪಕ್ಷದ ಅಭ್ಯರ್ಥಿಗೆ. ನೋಟ್‌ಬುಕ್ಕಿನಲ್ಲಿ ಅವರ ಪುಟವೇ ಎಲ್ಲಕ್ಕಿಂತ ಸ್ವಚ್ಛವಾಗಿತ್ತು.

ಹೊರಗೆ ಬಂದಾಗ ಚಾಚಾ "ಬ್ಲೊಕ್?" ಅಂತಷ್ಟೇ ಕೇಳಿದರು. ಅಲ್ಲ ಅಂದೆ. ತಲೆಯಾಡಿಸಿದರು. ಅವರು ಯಾರಿಗೆ ಹಾಕಿದರು ಅಂತ ನಾನೂ ಕೇಳಲಿಲ್ಲ.

ಸೋಮವಾರ ರೇಡಿಯೋ ಮುಂದೆ ಕೂತೆವು. ಮಧ್ಯಾಹ್ನದ ಹೊತ್ತಿಗೆ ದಿಕ್ಕು ಗೊತ್ತಾಯಿತು. ಜುಗ್ನಾಥ್ ತಮ್ಮ ಎಂಟನೇ ನಂಬರಿನಲ್ಲೇ ಸೋತರು. ದ್ವೀಪದ ಅರವತ್ತಕ್ಕೆ ಅರವತ್ತೂ ಬದಲಾವಣೆಯ ಮೈತ್ರಿಗೆ. ಮತ ಲೆಕ್ಕ ನೋಡಿದರೆ ಶೇ. 61ರ ಆಸುಪಾಸು. ಶೇ. 27ರಷ್ಟು ಮತ ಪಡೆದ ಲೆಪೆಪ್ ಮೈತ್ರಿಗೆ ನೇರವಾಗಿ ಒಂದು ಸ್ಥಾನವೂ ಇಲ್ಲ. ಬೀದಿಯಲ್ಲಿ ಹಾರ್ನ್, ಕೆಂಪು ಬಾವುಟ, ನೇರಳೆ ಬಾವುಟ. ನಾನೂ ಗೆದ್ದ ಕಡೆಯವನೇ, ಸಂತೋಷ ಪಟ್ಟೆ. ಆದರೂ ಸಂಖ್ಯೆ ನೋಡಿ ಹೊಟ್ಟೆಯಲ್ಲಿ ಏನೋ ಆಯಿತು. ಕೊನೆಗೆ ವಿರೋಧ ಪಕ್ಷದ ನಾಯಕರಾದ ಜೋ ಲೆಜೊಂಗಾರ್ ಕೂಡ ಒಳಗೆ ಬಂದಿದ್ದು ಬೆಸ್ಟ್ ಲೂಸರ್ ಆಗಿ. ಸಮುದಾಯಗಳ ಸಮತೋಲಕ್ಕೆ ಸೋತವರಲ್ಲಿ ಕೆಲವರಿಗೆ ಸ್ಥಾನ ಕೊಡುವ ವ್ಯವಸ್ಥೆ ಅದು, ಎಂಟು ಸ್ಥಾನದವರೆಗೆ. ಅದರ ಲೆಕ್ಕಕ್ಕೆ ಇವತ್ತಿಗೂ 1972ರ ಜನಗಣತಿಯೇ ಆಧಾರ. ಸರ್ಕಾರವನ್ನು ಪ್ರಶ್ನಿಸುವ ಕೆಲಸ ಇಷ್ಟು ಕಡಿಮೆ ಜನರ ಕೈಗೆ ಬರಬಾರದು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ನನ್ನ ಮೂರನೇ ಮತದ ಅಭ್ಯರ್ಥಿ ಸೋತರು, ತುಂಬಾ ಹಿಂದೆ ಉಳಿದರು. ಅದು ವ್ಯರ್ಥ ಅಂತ ಗೆಳೆಯರು ಹೇಳಿದರು. ನಾನು ಒಪ್ಪಲಿಲ್ಲ. 2019ರ ಮೂರು ಮತಕ್ಕೂ ನನ್ನ ಹತ್ತಿರ ಕಾರಣ ಇರಲಿಲ್ಲ, ಈ ಮೂರಕ್ಕೂ ಇತ್ತು.

ಸಂಜೆ ಚಾಚಾ ಹಿತ್ತಲಿಗೆ ಹೋಗಿ, ಹಗ್ಗದ ತುದಿಯಲ್ಲಿ ಒಂದು ಕೆಂಪು, ಒಂದು ನೇರಳೆ ಕ್ಲಿಪ್ಪು ಸಿಕ್ಕಿಸಿದರು. "ಎಷ್ಟು ದಿನ ಚಾಚಾ?" ಅಂತ ಕೇಳಿದೆ. ಅವರು ಉತ್ತರ ಕೊಡಲಿಲ್ಲ. ಒದ್ದೆ ಟವೆಲ್ ಒಂದನ್ನು ಕೊಡವಿ, ಅವೆರಡೂ ಕ್ಲಿಪ್ಪಿನ ನಡುವೆ ಹಾಕಿದರು.