ಮುಯ್ಯಿ ಪುಸ್ತಕದಲ್ಲಿ ಬರೆಯಲಾಗದ ಪ್ರೀತಿ

ನಮ್ಮ ತವರುಮನೆಯಲ್ಲಿ ಅವ್ವ ಒಂದು ಮುಯ್ಯಿ ಪುಸ್ತಕ ಇಟ್ಟಿದ್ದರು. ಯಾರ ಮದುವೆಯಲ್ಲಿ ನಾವು ಎಷ್ಟು ಓದಿಸಿದೆವು, ನಮ್ಮ ಮನೆಯ ಮದುವೆಯಲ್ಲಿ ಯಾರು ಎಷ್ಟು ಓದಿಸಿದರು ಎಂಬುದು ಹಳೆಯ ನೋಟುಬುಕ್ಕಿನ ಎರಡು ಸಾಲುಗಳಲ್ಲಿ ಪೆನ್ಸಿಲಿನಿಂದ ಬರೆದಿರುತ್ತಿತ್ತು. ಕೊಟ್ಟವರಿಗೆ ಕೊಟ್ಟಷ್ಟನ್ನು, ಸಾಧ್ಯವಾದರೆ ಹತ್ತು ರೂಪಾಯಿ ಹೆಚ್ಚು ಸೇರಿಸಿ, ಹಿಂದಿರುಗಿಸದಿದ್ದರೆ ಮನೆಯ ಮಾನ ಹೋಗುತ್ತದೆ ಎಂದು ಅವ್ವ ನಂಬಿದ್ದರು. ಆ ಪುಸ್ತಕ ಇರುತ್ತಿದ್ದುದು ಯೇಸುವಿನ ಪವಿತ್ರ ಹೃದಯದ ಪಟದ ಕೆಳಗಿನ ಹಲಗೆಯ ಮೇಲೆ, ಜಪಸರದ ಪಕ್ಕದಲ್ಲಿ. ದೇವರ ಪ್ರೀತಿಯನ್ನು ಸ್ವೀಕರಿಸುವುದು ಐವತ್ತು ದಾಟುವವರೆಗೂ ನನಗೇಕೆ ಬರಲಿಲ್ಲ ಎಂದು ಯೋಚಿಸಿದಾಗಲೆಲ್ಲ ಆ ಹಲಗೆ ಕಣ್ಣ ಮುಂದೆ ಬರುತ್ತದೆ.

ಮೈಸೂರು ಸೀಮೆಯ ಕಥೋಲಿಕ ಕುಟುಂಬದಲ್ಲಿ ಹುಟ್ಟಿದ ನನಗೆ ಭಕ್ತಿಯ ಕೊರತೆ ಇರಲಿಲ್ಲ. ಡೋರ್ನಹಳ್ಳಿಯ ಸಂತ ಅಂತೋಣಿಯವರಿಗೆ ಹರಕೆ ಹೊತ್ತಿದ್ದೆ, ತೀರಿಸಿದ್ದೆ. ತಿಂಗಳ ಮೊದಲ ಶುಕ್ರವಾರದ ಆಚರಣೆಯನ್ನೂ ಅವ್ವನಿಂದಲೇ ಕಲಿತಿದ್ದೆ. 17ನೆಯ ಶತಮಾನದ ಫ್ರಾನ್ಸಿನಲ್ಲಿ ಕನ್ಯಾಸ್ತ್ರೀಯಾಗಿದ್ದ ಸಂತ ಮಾರ್ಗರೆಟ್ ಮೇರಿಯವರಿಂದ ಹರಡಿದ ಭಕ್ತಿ ಅದು: ಒಂಬತ್ತು ತಿಂಗಳು ಸತತವಾಗಿ ಮೊದಲ ಶುಕ್ರವಾರ ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಬೇಕು, ನಡುವೆ ಒಂದು ತಪ್ಪಿದರೂ ಮತ್ತೆ ಒಂದರಿಂದ ಎಣಿಸಬೇಕು. ಆ ಭಕ್ತಿಯ ತಿರುಳಿನಲ್ಲಿದ್ದುದು ಮನುಷ್ಯರನ್ನು ಪ್ರೀತಿಸಿ, ಅವರ ಅಲಕ್ಷ್ಯಕ್ಕೆ ನೊಂದ ಒಂದು ಹೃದಯ. ನಾನು ಹಿಡಿದುಕೊಂಡದ್ದು ಎಣಿಕೆಯನ್ನು ಮಾತ್ರ.

ನನ್ನ ಪತಿಯ ಮೂತ್ರಪಿಂಡಗಳು ಕೈಕೊಟ್ಟಾಗ ನಾನು ಒಂಬತ್ತು ಶುಕ್ರವಾರಗಳನ್ನು ಆರಂಭಿಸಿದೆ. ಏಳನೆಯದು ಮುಗಿದ ಮೇಲೆ, 2014ರಲ್ಲಿ, ಅವರು ತೀರಿಕೊಂಡರು. ಉಳಿದ ಎರಡನ್ನೂ ನಾನು ಬಿಡದೆ ಮುಗಿಸಿದ್ದನ್ನು ಕಂಡು ಊರಿನವರು ನನ್ನ ವಿಶ್ವಾಸವನ್ನು ಹೊಗಳಿದರು. ಆದರೆ ಅದರ ಹಿಂದೆ ಇದ್ದುದು ನನ್ನ ಕಡೆಯಿಂದ ಬಾಕಿ ಉಳಿಯಬಾರದು, ಬಾಕಿ ಇರುವುದೇನಿದ್ದರೂ ದೇವರ ಕಡೆಯೇ ಇರಲಿ ಎಂಬ ಹಠ. ಬೈಬಲಿನಲ್ಲಿ ಲೂಕನ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ, ಆಸ್ತಿಯನ್ನು ದುಂದುಮಾಡಿ ಹಿಂದಿರುಗಿದ ತಮ್ಮನಿಗಾಗಿ ತಂದೆ ಔತಣ ಮಾಡಿಸಿದಾಗ, ಹಿರಿಯ ಮಗ ಹೊಲದಿಂದ ಬಂದವನು ಮನೆಯೊಳಗೆ ಕಾಲಿಡದೆ, ಇಷ್ಟು ವರ್ಷ ದುಡಿದರೂ ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲವಲ್ಲ ಎಂದು ತಂದೆಯನ್ನು ಕೇಳುತ್ತಾನೆ. ಎಲ್ಲರೂ ದುಂದುಗಾರ ಮಗನ ಬಗ್ಗೆಯೇ ಪ್ರಬೋಧನೆ ಮಾಡುತ್ತಾರೆ. ಹೊರಗೆ ನಿಂತವನ ಎದೆಯೊಳಗಿನ ಉರಿ ಎಂಥದೆಂದು ನನ್ನನ್ನು ಕೇಳಿದ್ದರೆ ನಾನು ಹೇಳುತ್ತಿದ್ದೆ.

2017ರ ಪವಿತ್ರ ಗುರುವಾರ, ಯೇಸು ಶಿಷ್ಯರ ಪಾದ ತೊಳೆದದ್ದನ್ನು ನೆನೆಯುವ ಪಾದ ತೊಳೆಯುವ ವಿಧಿಗೆ ಆರಿಸಿದ ಹನ್ನೆರಡು ಜನರಲ್ಲಿ ನನ್ನ ಹೆಸರಿತ್ತು. ಹಿಂದಿನ ನಿಯಮದ ಪ್ರಕಾರ ಅದು ಗಂಡಸರಿಗೆ ಮಾತ್ರ ಮೀಸಲಾಗಿತ್ತು. ಪೋಪ್ ಫ್ರಾನ್ಸಿಸ್ ಅವರ ಇಚ್ಛೆಯಂತೆ 2016ರ ಜನವರಿಯಲ್ಲಿ ಪ್ರಕಟವಾದ ಆದೇಶ ಹೆಂಗಸರಿಗೂ ಅವಕಾಶ ಕೊಟ್ಟಿತು. ನಾನು ಒಲ್ಲೆನೆಂದೆ. "ಟೀಚರಮ್ಮ, ನೀವೇನೂ ಮಾಡಬೇಕಾಗಿಲ್ಲ, ಸುಮ್ಮನೆ ಕೂತರೆ ಸಾಕು" ಎಂದರು ನಮ್ಮ ಚರ್ಚಿನ ಗುರುಗಳು. ಆ ಸುಮ್ಮನೆ ಕೂರುವುದೇ ನನಗೆ ಬಾರದ ವಿದ್ಯೆಯಾಗಿತ್ತು. ಆ ದಿನ ಮನೆಯಲ್ಲಿ ಮೂರು ಸಲ ಕಾಲು ತೊಳೆದೆ. ಒಡೆದ ಹಿಮ್ಮಡಿಗಳನ್ನು ಕಲ್ಲಿನಿಂದ ಉಜ್ಜಿ ಕೊಬ್ಬರಿ ಎಣ್ಣೆ ಹಚ್ಚಿದೆ. ತೊಳೆಸಿಕೊಳ್ಳಲು ಹೋಗುವವರೆಲ್ಲ ಮೊದಲೇ ತೊಳೆದುಕೊಂಡು ಹೋಗುತ್ತಾರೆಂದು ಆಮೇಲೆ ಉಳಿದವರನ್ನು ಕೇಳಿ ತಿಳಿದುಕೊಂಡೆ. ನಗು ಬಂತು.

ಶಾಲೆಯಲ್ಲಿ ಮಕ್ಕಳು ಬಂದು ಪಾದ ಮುಟ್ಟುವುದು ನನಗೆ ಹೊಸದಲ್ಲ. ಆದರೆ ಎಪ್ಪತ್ತರ ಅಂಚಿನಲ್ಲಿದ್ದ ಆ ಗುರುಗಳು ಮಂಡಿನೋವಿನಲ್ಲೂ ನೆಲಕ್ಕೆ ಬಗ್ಗಿ, ಹಿತ್ತಾಳೆಯ ತಟ್ಟೆಯ ಮೇಲೆ ನನ್ನ ಕಾಲಿಟ್ಟು, ನೀರು ಸುರಿದು, ಒರೆಸಿ, ತಲೆಬಾಗಿ ಮುತ್ತಿಟ್ಟಾಗ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಬೇಕೆಂಬ ಆಸೆಯನ್ನು ತಡೆಯಲು ನಾನು ಬೆಂಚಿನ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದೆ. ಯೊವಾನ್ನನ ಶುಭಸಂದೇಶದಲ್ಲಿ ಶಿಷ್ಯ ಪೇತ್ರ ತನ್ನ ಪಾದಗಳನ್ನು ತೊಳೆಯಬಾರದೆಂದು ಪ್ರತಿಭಟಿಸಿದಾಗ, ತೊಳೆಯಲು ಬಿಡದಿದ್ದರೆ ತನ್ನೊಡನೆ ಅವನಿಗೆ ಪಾಲಿಲ್ಲವೆಂದು ಯೇಸು ಉತ್ತರಿಸುತ್ತಾರೆ. ಅದು ಎಷ್ಟು ಕಠಿಣವಾದ ಮಾತೆಂದು ಅಂದು ನನಗೆ ಮೊದಲ ಸಲ ಅರಿವಾಯಿತು. ಪೇತ್ರನಿಂದ ಯೇಸು ಆ ಹೊತ್ತಿನಲ್ಲಿ ಕೇಳಿದ್ದು ಕಾಲು ಚಾಚುವುದನ್ನು ಮಾತ್ರ.

ಇದಾದ ಕೆಲವು ದಿನಗಳಲ್ಲಿ ಗುರುಗಳು ನನಗೊಂದು ಅಭ್ಯಾಸವನ್ನು ಹೇಳಿಕೊಟ್ಟರು. ಸಂತ ಇಗ್ನೇಷಿಯಸ್ ಲೊಯೋಲ ಅವರ 'ಆಧ್ಯಾತ್ಮಿಕ ಸಾಧನೆಗಳು' 1548ರಲ್ಲಿ ಅಚ್ಚಾದ ಪುಸ್ತಕ. ಪ್ರಾರ್ಥನೆಗೆ ಕೂರುವ ಜಾಗದಿಂದ ಒಂದೆರಡು ಹೆಜ್ಜೆ ದೂರದಲ್ಲಿ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಜಪವನ್ನು ಒಂದು ಸಲ ಹೇಳುವಷ್ಟು ಹೊತ್ತು ನಿಂತು, ದೇವರು ನನ್ನನ್ನು ಹೇಗೆ ನೋಡುತ್ತಿದ್ದಾನೆಂದು ಗಮನಿಸಬೇಕೆಂಬ ಸೂಚನೆ ಅದರಲ್ಲಿದೆ. ಅಷ್ಟೇ. ಬೇಡುವಂತಿಲ್ಲ, ಎಣಿಸುವಂತಿಲ್ಲ. ನಾನು ಬೆಳಿಗ್ಗೆ ಐದೂವರೆಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು, ಎದುರಿನ ಕುರ್ಚಿಯನ್ನು ನೋಡುತ್ತ ಇದನ್ನು ಆರಂಭಿಸಿದೆ. ಮೊದಲ ಎರಡು ತಿಂಗಳು ನನ್ನ ಮೇಲೆ ಬಿದ್ದಿದ್ದ ನೋಟ ಶಾಲಾ ಇನ್ಸ್‌ಪೆಕ್ಟರರ ನೋಟವೇ ಆಗಿತ್ತು: ಹಾಜರಿ ಪುಸ್ತಕ ಎಲ್ಲಿ, ಪಾಠಟಿಪ್ಪಣಿ ಎಲ್ಲಿ. ಅದನ್ನು ಬಲವಂತದಿಂದ ಮೃದುವಾಗಿಸಲು ಪ್ರಯತ್ನಿಸಿದಷ್ಟೂ ಅದು ಬಿಗಿಯಾಗುತ್ತಿತ್ತು.

ಅದು ಸಡಿಲವಾದದ್ದು ಹೊಶೇಯ ಪ್ರವಾದಿಯ ಹನ್ನೊಂದನೆಯ ಅಧ್ಯಾಯದಿಂದ. ಎಫ್ರಯಿಮಿಗೆ, ಅಂದರೆ ತನ್ನ ಇಸ್ರಯೇಲ್ ಜನರಿಗೆ, ನಡಿಗೆ ಕಲಿಸಿದವನು, ಕೈಹಿಡಿದು ಎತ್ತಿಕೊಂಡವನು ತಾನೇ ಎಂದು ದೇವರು ಅಲ್ಲಿ ಹೇಳಿಕೊಳ್ಳುತ್ತಾನೆ. ಓದುತ್ತಿದ್ದಂತೆ ಒಂದನೆಯ ತರಗತಿಯ ನನ್ನ ಮಕ್ಕಳು ನೆನಪಾದರು. ಸ್ಲೇಟಿನ ಮೇಲೆ 'ಅ' ಬರೆಯಲು ನಾಲಿಗೆ ಹೊರಚಾಚಿ ಒದ್ದಾಡುತ್ತಿರುವ ಮಗುವಿನ ಹಿಂದೆ ನಿಂತಾಗ ಮೇಷ್ಟರಿಗೆ ಕಾಣುವುದು ಸೊಟ್ಟ ಗೆರೆಯಲ್ಲ, ಆ ಕತ್ತಿನ ಹಿಂಬದಿ, ಬಳಪದ ಪುಡಿ ಹತ್ತಿದ ಬೆರಳು. ಮೂವತ್ತು ವರ್ಷ ನಾನೇ ಹಾಗೆ ನೋಡಿದ್ದೆ. ಹಾಗೆ ನೋಡಿಸಿಕೊಳ್ಳಬಹುದೆಂದು ಮಾತ್ರ ಹೊಳೆದಿರಲಿಲ್ಲ. ಅಂದಿನಿಂದ ಬಾಗಿಲಲ್ಲಿ ನಿಲ್ಲುವುದು ಹಗುರವಾಯಿತು. ಎಲ್ಲ ದಿನವೂ ಹಾಗಿರುತ್ತದೆಂದು ಹೇಳಲಾರೆ. ನಿದ್ದೆಯ ಮಂಪರಿನಲ್ಲಿ ಹಾಲು ಉಕ್ಕಿಹೋದ ದಿನಗಳೂ ಇವೆ.

ಹಿಂದಿರುಗಿಸುವ ಪ್ರಶ್ನೆ ಆಮೇಲೆ ಬಂತು. ಇಗ್ನೇಷಿಯಸರ ಆ ಪುಸ್ತಕದ ಕೊನೆಯ ಧ್ಯಾನದ ಆರಂಭದಲ್ಲಿ, ಪ್ರೀತಿ ಮಾತಿಗಿಂತ ಕೃತಿಯಲ್ಲಿ ಕಾಣಬೇಕು, ಪ್ರೀತಿಸುವ ಇಬ್ಬರೂ ತಮ್ಮಲ್ಲಿರುವುದನ್ನು ಒಬ್ಬರಿಗೊಬ್ಬರು ಹಂಚಿಕೊಳ್ಳಬೇಕು ಎಂದಿದೆ. ದೇವರಲ್ಲಿ ಇಲ್ಲದ್ದು ನನ್ನಲ್ಲೇನಿದೆ? ನನ್ನ ಹಳೆಯ ಚಾಳಿ ತಕ್ಷಣ ಪೆನ್ಸಿಲ್ ಹಿಡಿಯಿತು. ಫ್ರಾನ್ಸಿನ ಲಿಸ್ಯೂವಿನ ಸಂತ ತೆರೇಸಾ 1895ರ ಜೂನ್ 9ರಂದು ಮಾಡಿದ ಸಮರ್ಪಣೆಯ ಪ್ರಾರ್ಥನೆ ಆಗ ನನ್ನನ್ನು ಕಾಪಾಡಿತು: ಬದುಕಿನ ಸಂಜೆ ಬರಿಗೈಯಲ್ಲಿ ನಿನ್ನೆದುರು ನಿಲ್ಲುತ್ತೇನೆ, ನನ್ನ ಕಾರ್ಯಗಳನ್ನು ಎಣಿಸೆಂದು ನಿನ್ನನ್ನು ಕೇಳುವುದಿಲ್ಲ ಎನ್ನುತ್ತಾರೆ ಆ ಇಪ್ಪತ್ತೆರಡರ ಹುಡುಗಿ. ದೇವರಿಗೆ ಕೊಡಲಾಗದ್ದನ್ನು ಪಕ್ಕದವರಿಗೆ ಕೊಡಬಹುದೆಂದು ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯ ಹೇಳಿಯೇ ಇದೆ.

ಪಕ್ಕದಲ್ಲಿದ್ದವರು ನನ್ನ ಪತಿಯ ಅಕ್ಕ. ಆಸ್ತಿಯ ಮಾತಿನಲ್ಲಿ ಕೆಟ್ಟುಹೋಗಿದ್ದ ಸಂಬಂಧ. ತಮ್ಮನ ತಿಂಗಳ ಪೂಜೆಗೂ ಅತ್ತಿಗೆ ಬಂದಿರಲಿಲ್ಲ. ಒಂಟಿಯಾಗಿದ್ದ ಅವರಿಗೆ ಪಾರ್ಶ್ವವಾಯು ತಗುಲಿ ಎಡಗೈ ಸೋತ ಮೇಲೆ ನಾನು ಬುಧವಾರಗಳಂದು ಹೋಗತೊಡಗಿದೆ: ತಲೆ ಬಾಚುವುದು, ಮಾತ್ರೆಗಳನ್ನು ವಿಂಗಡಿಸಿಡುವುದು, ವಾರದ ಬಟ್ಟೆ. ಅವರು ಒಂದು ಒಳ್ಳೆಯ ಮಾತನ್ನೂ ಆಡುತ್ತಿರಲಿಲ್ಲ. ಆರನೆಯ ವಾರದ ಹೊತ್ತಿಗೆ, ಇದು ಆರನೆಯ ವಾರವೆಂದು ನನಗೆ ತಿಳಿದಿತ್ತೆಂಬುದೇ ನನ್ನ ಸ್ಥಿತಿಯನ್ನು ಹೇಳುತ್ತಿತ್ತು. ಪಾಪನಿವೇದನೆಯಲ್ಲಿ ಇದನ್ನು ಹೇಳಿದಾಗ ಗುರುಗಳು ನಕ್ಕು, ಬುಧವಾರ ಹೊರಡುವ ಮುನ್ನವೂ ಆ ಬಾಗಿಲಲ್ಲಿ ಒಂದು ನಿಮಿಷ ನಿಂತು ಹೋಗಿ ಎಂದರು. ಹಾಗೆಯೇ ಮಾಡುತ್ತಿದ್ದೇನೆ. ಮೊದಲು ನೋಡಿಸಿಕೊಂಡು ಹೋದ ದಿನ ಅಲ್ಲಿ ಕೈಗಳು ಅವಸರಪಡುವುದಿಲ್ಲ. ನಿಲ್ಲದೆ ಹೊರಟ ದಿನ ಬಾಚಣಿಗೆ ಸಿಕ್ಕನ್ನು ಜಗ್ಗುತ್ತದೆ, ಅತ್ತಿಗೆ ಬಯ್ಯುತ್ತಾರೆ.

ಕಳೆದ ಮಳೆಗಾಲದ ಒಂದು ಬುಧವಾರ ಅವರು ಇದ್ದಕ್ಕಿದ್ದಂತೆ, "ಯಾಕೆ ಬರ್ತೀಯ ನೀನು? ನಾನೇನು ಕೊಡಬೇಕು ನಿಂಗೆ?" ಎಂದು ಕೇಳಿದರು. ಸಿದ್ಧ ಉತ್ತರ ನನ್ನಲ್ಲಿರಲಿಲ್ಲ. "ಒಂದು ಲೋಟ ಕಾಫಿ ಕೊಡಿ ಅತ್ತಿಗೆ" ಎಂದೆ. ಅವರು ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಒಂದೇ ಕೈಯಲ್ಲಿ ಪಾತ್ರೆ ಇಡುವ ಸದ್ದು, ಚಮಚ ನೆಲಕ್ಕೆ ಬಿದ್ದ ಸದ್ದು, ಬಹಳ ಹೊತ್ತಿನ ಮೇಲೆ ಹಾಲು ಕಾಯುವ ವಾಸನೆ. ಹೋಗಿ ನೆರವಾಗಲು ನನ್ನ ಕೈಕಾಲುಗಳು ತವಕಿಸುತ್ತಿದ್ದವು. ಕುರ್ಚಿಯ ಅಂಚನ್ನು ಎರಡೂ ಕೈಗಳಿಂದ ಹಿಡಿದುಕೊಂಡು ಕೂತೇ ಇದ್ದೆ.