ಆಳದಲ್ಲಿರೋ ಸ್ಪಾರ್ಕ್ ಪ್ಲಗ್‌ಗೆ ಒಂದು ಗೇಣು ಪೆಟ್ರೋಲ್ ಪೈಪ್
ಹೊಸ ಸ್ಪಾರ್ಕ್ ಪ್ಲಗ್ ಕೂರಿಸೋವಾಗ ಮೊದಲೇ ರೆಂಚ್ ಹಾಕಬೇಡಿ. ಪ್ಲಗ್‌ನ ಬಿಳಿ ಪಿಂಗಾಣಿ ತುದಿಗೆ ಒಂದು ಗೇಣು ರಬ್ಬರ್ ಪೆಟ್ರೋಲ್ ಪೈಪ್ ಬಿಗಿಯಾಗಿ ಸಿಕ್ಕಿಸಿ, ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡೋ ಭಾಗ) ತೆಗೆದ ಗುಂಡಿಯೊಳಗೆ ಇಳಿಬಿಟ್ಟು ಬೆರಳಲ್ಲೇ ತಿರುಗಿಸಿ. ಒಳಅಳತೆ 8 ಎಂಎಂ ಇರೋದು ಸಾಮಾನ್ಯವಾಗಿ ಹೊಂದುತ್ತೆ. ಆದರೂ ಅಂಗಡಿಗೆ ಪ್ಲಗ್ಗನ್ನೇ ಒಯ್ದು ಸಿಕ್ಕಿಸಿ ನೋಡಿ ತನ್ನಿ. ಥ್ರೆಡ್ ನೇರವಾಗಿ ಕಚ್ಚಿದರೆ ಸಲೀಸಾಗಿ ಇಳಿಯುತ್ತೆ, ಅಡ್ಡಕ್ಕೆ ಕಚ್ಚಿದರೆ ಪ್ಲಗ್ ನಿಂತು ಪೈಪ್ ಮಾತ್ರ ಜಾರಿ ಸುತ್ತುತ್ತೆ. ರೆಂಚ್ ಆಗಿದ್ದರೆ ನಿಲ್ಲದೆ ಎಂಜಿನ್ನಿನ ಅಲ್ಯೂಮಿನಿಯಂ ಹೆಡ್‌ನ ಥ್ರೆಡ್ಡನ್ನೇ ಕಿತ್ತುಬಿಡುತ್ತೆ, ಆಮೇಲಿನ ಖರ್ಚು ದೊಡ್ಡದು. ಗುಂಡಿಯಲ್ಲಿ ಆಯಿಲ್ ಇದ್ದರೆ ರಬ್ಬರ್ ಹಿಡಿಯಲ್ಲ; ಒರೆಸಿ, ವಾಲ್ವ್ ಕವರ್ ಸೀಲ್‌ಗಳನ್ನೂ ನೋಡಿಸಿ. ಬಿರುಕು ಬಿಟ್ಟ ಹಳೇ ಪೈಪ್ ಬೇಡವೇ ಬೇಡ. ಹಳೇ ಪ್ಲಗ್ ಸಡಿಲಿಸೋಕೆ, ಕೊನೆಯ ಬಿಗಿ ಕೊಡೋಕೆ ಪೈಪ್ ಸಾಲದು, ಸಾಕೆಟ್ಟೇ ಬೇಕು. ಅದೂ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಗುಂಡಿಯ ಧೂಳು ಗಾಳಿಯಲ್ಲಿ ಊದಿ ತೆಗೆದ ಮೇಲೆ. ಟಾರ್ಕ್ ರೆಂಚ್ (ಬಿಗಿ ಅಳೆದು ಕೊಡೋ ರೆಂಚ್) ಇಲ್ಲದವರು ವಾಷರ್ ಇರೋ, 14 ಎಂಎಂ ಥ್ರೆಡ್ಡಿನ ಹೊಸ ಪ್ಲಗ್ಗನ್ನು ಬೆರಳಲ್ಲಿ ಕೂತ ಮೇಲೆ ಅರ್ಧ ಸುತ್ತು, ಹೆಚ್ಚೆಂದರೆ ಮುಕ್ಕಾಲಿಗಿಂತ ಕಡಿಮೆ, ತಿರುಗಿಸಿ. ವಾಷರ್ ಇಲ್ಲದ ಇಳಿಜಾರು ಸೀಟಿನದಕ್ಕೆ 1/16 ಸುತ್ತು ಸಾಕು.