ಕಾಲೇಜು ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹೊಸ ಕೋಚ್: ಮೊದಲ ಆರು ವಾರದ ಕೆಲಸ

ದಾವಣಗೆರೆಯ ಕಾಲೇಜು ತಂಡಕ್ಕೆ ಹೊಸ ಕೋಚ್ ಬಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ಈ ಸಲ ಅಂತರ ಕಾಲೇಜು ಪಂದ್ಯಾವಳಿ ಗೆಲ್ತೀವಾ? ತಂಡ ಎಷ್ಟು ಸಲ ಸುಮ್ಮನೆ ಚೆಂಡು ಕಳೆದುಕೊಳ್ಳುತ್ತದೆ ಎಂಬುದನ್ನು ಎಣಿಸದೆ ಇದಕ್ಕೆ ಉತ್ತರ ಹೇಳಲಾಗದು.

ಮೊದಲು ಟೇಪ್ ಹಿಡಿದು ಕೋರ್ಟ್ ಅಳೆಯಿರಿ. ರಿಂಗಿನ ಎತ್ತರ 3.05 ಮೀಟರ್ ಇರಬೇಕು. ಹುಡುಗರು ಜೋತಾಡಿ ಮುಂಭಾಗ ಬಗ್ಗಿದ್ದರೆ ಬೋಲ್ಟ್ ಬಿಗಿ ಮಾಡಿಸಿ, ಇಲ್ಲದಿದ್ದರೆ ಇಲ್ಲಿ ಬೀಳುವ ಶಾಟ್ ಪಂದ್ಯದಲ್ಲಿ ರಿಂಗಿಗೆ ಬಡಿದು ವಾಪಸ್ ಬರುತ್ತದೆ. ರಿಂಗಿನ ನಡುವಿನಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿ. ಕಲ್ಲು ನೆಲ ಮುಟ್ಟಿದ ಜಾಗದಿಂದ ಮೂರು ಪಾಯಿಂಟ್ ಗೆರೆಗೆ 6.75 ಮೀಟರ್. ಹಳೇ ಸಿಮೆಂಟ್ ಕೋರ್ಟುಗಳಲ್ಲಿ 2010ಕ್ಕಿಂತ ಮುಂಚಿನ 6.25ರ ಗೆರೆಯೇ ಉಳಿದಿರಬಹುದು. ಅಲ್ಲಿ ಪಳಗಿದವನ ಚೆಂಡು ಹೊರಗಿನ ಪಂದ್ಯದಲ್ಲಿ ರಿಂಗಿಗೆ ಮುಟ್ಟದೇ ಬಿದ್ದರೆ ತಪ್ಪು ಅವನದಲ್ಲ, ಗೆರೆಯದು. ಫ್ರೀ ಥ್ರೋ (ಎದುರಾಳಿ ಫೌಲ್ ಮಾಡಿದಾಗ ಸಿಗುವ ತಡೆಯಿಲ್ಲದ ಎಸೆತ) ಗೆರೆ ಬೋರ್ಡಿನ ಮುಖದಿಂದ 4.6 ಮೀಟರ್. ದಿನಾ ಬೆಳಿಗ್ಗೆ ಕೋರ್ಟ್ ಗುಡಿಸಲೇಬೇಕು. ಸಿಮೆಂಟಿನ ಮೇಲಿನ ಧೂಳಿನಲ್ಲಿ ಶೂ ಜಾರಿ ಕಾಲು ಉಳುಕುತ್ತದೆ.

ಮೊದಲ ವಾರ ಏನನ್ನೂ ತಿದ್ದಬೇಡಿ. ಎರಡು ತಂಡ ಮಾಡಿ 10 ನಿಮಿಷದ ನಾಲ್ಕು ಕ್ವಾರ್ಟರ್ ಆಡಿಸಿ. ಹೊರಗೆ ಕೂತ ಒಬ್ಬರ ಕೈಗೆ ಹಾಳೆ ಕೊಡಿ. ಚೆಂಡು ಕೈತಪ್ಪಿದಾಗಲೆಲ್ಲ ಕಾರಣ ಬರೆಯಲಿ: ಕೆಟ್ಟ ಪಾಸ್, ಟ್ರಾವೆಲಿಂಗ್ (ಚೆಂಡು ಪುಟಿಸದೆ ಹೆಚ್ಚು ಹೆಜ್ಜೆ ಹಾಕುವುದು), 8 ಸೆಕೆಂಡಿನಲ್ಲಿ ನಡುಗೆರೆ ದಾಟದಿರುವುದು, ಶಾಟ್ ಹೊಡೆಯದೆಯೇ 24 ಸೆಕೆಂಡ್ ಮುಗಿದದ್ದು. ಬರೀ ಒಟ್ಟು ಲೆಕ್ಕದಿಂದ ಪ್ರಯೋಜನವಿಲ್ಲ, ಕಾರಣಕ್ಕೊಂದು ಮದ್ದು ಬೇಕು. ಪಾಸ್ ಕೆಟ್ಟಿದ್ದರೆ ಡ್ರಿಬಲ್ (ಚೆಂಡು ಪುಟಿಸುತ್ತ ಸಾಗುವುದು) ಇಲ್ಲದೆ ಬರೀ ಪಾಸ್‌ನಲ್ಲಿ ಐದೈದು ನಿಮಿಷ ಆಡಿಸಿ, ಚೆಂಡಿಲ್ಲದವನು ಓಡಿ ಜಾಗ ಮಾಡಿಕೊಳ್ಳುವುದನ್ನು ಆಗ ಕಲಿಯುತ್ತಾನೆ. ಗಡಿಯಾರದ ತಪ್ಪು ಹೆಚ್ಚಿದ್ದರೆ ಮೊಬೈಲ್ ಹಿಡಿದವರು "ಹತ್ತು", "ಐದು" ಎಂದು ಕೂಗಲಿ. ತಮ್ಮದೇ ಶಾಟ್ ರಿಂಗಿಗೆ ಬಡಿದು ರಿಬೌಂಡ್ (ಪುಟಿದು ಬಂದ ಚೆಂಡು) ಮತ್ತೆ ತಮಗೇ ಸಿಕ್ಕರೆ ಗಡಿಯಾರ 14ಕ್ಕೆ ಬರುತ್ತದೆ. ಈ ಸೆಕೆಂಡ್ ಎಣಿಸುವ ಶಾಟ್ ಕ್ಲಾಕ್ ಇಲ್ಲದ ಕೋರ್ಟಿನಲ್ಲಿ ಬೆಳೆದವರು ಇದನ್ನು ಮರೆತು ನಿಧಾನ ಮಾಡುತ್ತಾರೆ.

ಫ್ರೀ ಥ್ರೋವನ್ನು ಅಭ್ಯಾಸದ ಕೊನೆಗೆ ಸಾಲಾಗಿ ಹತ್ತು ಎಸೆಸುವ ರೂಢಿ ಬಿಡಿ. ಪಂದ್ಯದಲ್ಲಿ ಅದು ಉಸಿರು ಏರಿದಾಗ, ಎರಡೆರಡಾಗಿ ಬರುತ್ತದೆ. ಹಾಗೆಯೇ ಮಾಡಿಸಿ: ಕೋರ್ಟಿನ ಉದ್ದಕ್ಕೆ ಒಮ್ಮೆ ಹೋಗಿ ಬಂದು ಎರಡು ಎಸೆತ, ಮತ್ತೆ ಓಟ. ಒಬ್ಬೊಬ್ಬರಿಗೂ ದಿನಕ್ಕೆ 20. ಚೆಂಡು ಪದೇಪದೇ ಗಿಡ್ಡವಾಗಿ ಬಿದ್ದರೆ ಕೈ ತಿದ್ದಲು ಹೋಗಬೇಡಿ, ಮೊಣಕಾಲು ನೋಡಿ. ದಣಿದವರು ಮೊಣಕಾಲು ಬಗ್ಗಿಸುವುದನ್ನು ಬಿಟ್ಟು ಬರೀ ಭುಜದಿಂದ ತಳ್ಳುತ್ತಾರೆ.

ಡಿಫೆನ್ಸ್‌ಗೆ ಮೊದಲು ಮ್ಯಾನ್-ಟು-ಮ್ಯಾನ್ (ಒಬ್ಬೊಬ್ಬ ಎದುರಾಳಿಗೆ ಒಬ್ಬೊಬ್ಬರು ಕಾವಲು) ಸಾಕು, ಝೋನ್ (ಆಳಿನ ಬದಲು ಜಾಗ ಕಾಯುವುದು) ಆಮೇಲೆ. ಶಾಟ್ ಹೋದ ಕ್ಷಣ ಎಲ್ಲರೂ ಚೆಂಡನ್ನೇ ನೋಡುತ್ತ ನಿಲ್ಲುತ್ತಾರೆ. ಎದುರಾಳಿಗೆ ಬೆನ್ನು ಒತ್ತಿ ಜಾಗ ಹಿಡಿದ ಮೇಲೆ ಚೆಂಡು ನೋಡಲಿ.

ಆಡಳಿತ ಮಂಡಳಿಗೆ ಭರವಸೆ ಕೊಡುವ ಮೊದಲು ಹನ್ನೆರಡು ಆಟಗಾರರನ್ನು ತರಗತಿವಾರು ಬರೆದುಕೊಳ್ಳಿ. ಆಟದಲ್ಲಿ ಚೆಂಡನ್ನು ಮುಂದಕ್ಕೆ ತರುವ ಇಬ್ಬರೂ ಕೊನೇ ವರ್ಷದವರಾಗಿದ್ದರೆ ಈ ವರ್ಷ ಗೆದ್ದರೂ ಮುಂದಿನ ವರ್ಷ ತಂಡ ಕುಸಿಯುತ್ತದೆ. ಮೊದಲ ವರ್ಷದ ಒಬ್ಬರನ್ನಾದರೂ ಈಗಿನಿಂದಲೇ ಆ ಜಾಗದಲ್ಲಿ ಆಡಿಸಿ, ತಪ್ಪು ಮಾಡಿದರೂ ಹೊರಗೆ ಕೂರಿಸಬೇಡಿ. ಸೆಮಿಸ್ಟರ್ ಪರೀಕ್ಷೆಯ ದಿನಾಂಕವನ್ನೂ ಅದೇ ಹಾಳೆಯಲ್ಲಿ ಗುರುತು ಹಾಕಿ.

ಆರನೇ ವಾರ ಅದೇ ನಾಲ್ಕು ಕ್ವಾರ್ಟರ್ ಮತ್ತೆ ಆಡಿಸಿ, ಹೊಸ ಹಾಳೆಯನ್ನು ಹಳೆಯದರ ಪಕ್ಕ ಇಡಿ. ಚೆಂಡು ಕಳೆದುಕೊಳ್ಳುವುದು ಕಡಿಮೆಯಾಗಿದ್ದರೆ ಹೊಸ ಆಟದ ಪ್ಲಾನ್ ಕಲಿಸಲು ಶುರುಮಾಡಿ. ಆಗಿಲ್ಲವೆಂದರೆ ಇನ್ನೆರಡು ವಾರ ಪಾಸ್‌ಗೇ ಕೊಡಿ.